ಐದನೆಯ ಎಡೆ

ಒಂದು ಕಾಲಕ್ಕೆ ರಾಜ್ಯ ಆಳಿ, ಆಮೇಲೆ ಛೀಮಾರಿ ಹಾಕಿಸಿಕೊಂಡು ಮೂಲೆ ಸೇರಿದ್ದ ನಾಯಕರು ತೀರಿಕೊಂಡಾಗ ನಾನು ಕೊಪ್ಪದಲ್ಲಿ ಬಿ.ಎ. ಓದುತ್ತಿದ್ದೆ. ದಿನಚರಿಯ ಪುಟದ ನಡುವೆ ಗೆರೆ ಎಳೆದು, ಪೇಪರಿನಲ್ಲಿ ಬಂದ ಹೊಗಳಿಕೆಗೆ ಎಡಕ್ಕೂ ತೆಗಳಿಕೆಗೆ ಬಲಕ್ಕೂ ಗುರುತು ಹಾಕಿದೆ. ವಾರ ಕಳೆಯುವಷ್ಟರಲ್ಲಿ ಎಡಕ್ಕೆ ಹನ್ನೊಂದು, ಬಲಕ್ಕೆ ನಾಲ್ಕು. ಅವರು ಬದುಕಿದ್ದಾಗ ಇದೇ ಪೇಪರುಗಳು ಬೈದದ್ದೇ ಹೆಚ್ಚು.

ಅಜ್ಜಿಗೆ ಈ ಲೆಕ್ಕ ಬೇಕಿರಲಿಲ್ಲ. ಗೇಣಿಗೆ ಮಾಡುತ್ತಿದ್ದ ಗದ್ದೆ ಆ ನಾಯಕರು ತಂದ ಕಾನೂನಿನಿಂದಲೇ ನಮ್ಮದಾಗಿತ್ತು. ಮಹಾಲಯ ಅಮಾವಾಸ್ಯೆಯ ದಿನ, ತೀರಿಹೋದ ಹಿರಿಯರಿಗೆ ಎಡೆ ಬಡಿಸುವಾಗ, "ಐದು ಎಲೆ ಹಾಕು" ಅಂದಳು. ನಮ್ಮಲ್ಲಿ ಯಾವಾಗಲೂ ನಾಲ್ಕು. ನಾಲ್ಕನೆಯದು ನನ್ನ ಅಪ್ಪನದು.

"ಐದನೇದು ಗದ್ದೆ ಕೊಟ್ಟೋರಿಗೆ."

ಹಾಕಿದೆ, ಬಡಿಸಿದೆ.

ಬಡಿಸಿದ ಮೇಲೆ ಎಲ್ಲರೂ ಜಗಲಿಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಉಣ್ಣುವಷ್ಟು ಹೊತ್ತು ಕಾದು, ಇರುವವರಲ್ಲಿ ಹಿರಿಯ ಗಂಡಸು ಒಮ್ಮೆ ಕೆಮ್ಮಿ ತೆಗೆಯಬೇಕು. ಅಪ್ಪ ಹೋದ ಮೇಲೆ ಆ ಕೆಲಸ ಅಜ್ಜಿಯ ತಮ್ಮ ಸಣ್ಣಜ್ಜನದು. ಅದಕ್ಕಾಗಿಯೇ ಪ್ರತಿ ವರ್ಷ ನರಸಿಂಹರಾಜಪುರದಿಂದ ಬರುತ್ತಿದ್ದರು. ಆ ದಿನ ಬಸ್ಸು ತಡವಾಗಿ, ಬಾಗಿಲು ಮುಚ್ಚಿದ ಮೇಲೆ ಬಂದರು.

"ಎಷ್ಟು ಎಡೆ ಇಟ್ಯೋ, ಲೆಕ್ಕದ ಮಾಸ್ತರ?"

"ಐದು." ಬಾಯಿಗೆ ಬಂದೇ ಬಿಟ್ಟಿತು.

"ಐದನೆಯವನು ಯಾರು ಮಾರಾಯ? ನಾನಿನ್ನೂ ಇಲ್ಲೇ ಕೂತಿದೀನಿ!"

ಅಜ್ಜಿ ಹೇಳಿದಳು. ಸಣ್ಣಜ್ಜನ ನಗು ನಿಂತಿತು. ಅದೇ ನಾಯಕರ ಕಾಲದಲ್ಲಿ, ಮದುವೆಯಾಗಿ ಆರು ತಿಂಗಳಾಗಿದ್ದ ಅವರನ್ನು ಸಂತೆಯಿಂದ ಜೀಪಿಗೆ ಹತ್ತಿಸಿಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿಸಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ನಂಗೆ ಎಡೆ ಇಡೋರೇ ಇಲ್ಲದ ಹಾಗೆ ಮಾಡಿದವನಿಗೆ ನಿನ್ನ ಮನೇಲಿ ಎಡೆಯಾ ಅಕ್ಕ?"

"ಆ ಗದ್ದೆ ಅಕ್ಕಿ ನೀನೂ ಉಂಡಿದೀಯಲ್ಲ."

"ಉಂಡಿದೀನಿ. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು."

ಆ ಎಲೆ ಎತ್ತಿಬಿಡೋಣವೆಂದರೆ ಬಾಗಿಲು ತೆಗೆಯಬೇಕಾದವರು ಸಣ್ಣಜ್ಜ. ಅವನು ಉಂಡ ಕೋಣೆಗೆ ಕಾಲಿಡುವುದಿಲ್ಲ ಎಂದು ಅವರು ಕೂತುಬಿಟ್ಟರು. ನಾನು ವಾಚು ನೋಡುತ್ತಿದ್ದೆ: ಒಂದೂಕಾಲು, ಎರಡು, ಎರಡೂವರೆ. ಹಸಿವಾಗುತ್ತಿತ್ತು, ಹೇಳುವಂತಿರಲಿಲ್ಲ. ನನ್ನ ಓದು ನಡೆಯುತ್ತಿದ್ದದ್ದು ಆ ಗದ್ದೆಯಿಂದ, ಅಜ್ಜಿಗೆ ಎದುರಾಡಲಾರೆ. ಬಡಿಸಿದ್ದು ನನ್ನದೇ ಕೈ. ಸಣ್ಣಜ್ಜನ ಮುಖ ನೋಡಲಾರೆ. ನನ್ನ ಪುಟದ ಹದಿನೈದು ಗುರುತುಗಳಲ್ಲಿ ಈ ಇಬ್ಬರೂ ಇರಲಿಲ್ಲ.

ಮೂರು ಗಂಟೆಯ ಬಸ್ಸಿಗೆ ಸಣ್ಣಜ್ಜ ಎದ್ದರು.

"ಉಂಡ್ಕೊಂಡು ಹೋಗೋ" ಅಂದಳು ಅಜ್ಜಿ. ಅವರು ತಿರುಗಿ ನೋಡಲಿಲ್ಲ.

ಅಜ್ಜಿ ನನಗೆ ಬಾಗಿಲಿನತ್ತ ಕೈ ತೋರಿಸಿದಳು. "ಇನ್ನು ನೀನೇ ತೆಗೀಬೇಕು."

ಹತ್ತೊಂಬತ್ತು ವರ್ಷದ ನಾನು ಹಿರಿಯನಂತೆ ಕೆಮ್ಮಿದೆ.

ಮರುವರ್ಷ ನಾಲ್ಕೇ ಎಲೆ ಹಾಕುವುದೆಂದು ಅಜ್ಜಿ ನನ್ನ ಕೈಯಲ್ಲಿ ಸಣ್ಣಜ್ಜನಿಗೆ ಕಾರ್ಡು ಬರೆಸಿದಳು. ಉತ್ತರ ಬರಲಿಲ್ಲ. ಅಮಾವಾಸ್ಯೆಯ ದಿನ ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಎರಡು ಬಸ್ಸು ನಿಂತು ಹೋದವು. ಮೂರನೆಯದೂ ಹೋಗುವ ತನಕ ಅಜ್ಜಿ ನನ್ನನ್ನು ಕೆಮ್ಮಲು ಬಿಡಲಿಲ್ಲ.