ಗೌಡರ ಮನೆಯ ಕುದಿಸಿದ ದಾರ

ಒಲೆಯ ಬೂದಿ ತೆಗೆದು ಸಾರಿಸಿದ್ದು. ನೀರು ಸೋಸಿ ಹಂಡೆಗೆ ತುಂಬಿದ್ದು. ಕತ್ತರಿ, ಬಟ್ಟೆ, ದಾರ ಕುದಿಸಿ ಮುಚ್ಚಿಟ್ಟದ್ದು. ಕೇರಿಯಲ್ಲಿ ಒಬ್ಬ ಬಸುರಿಯ ಬಾತ ಕಾಲು ನೋಡಿ, ಉಪ್ಪು ಕಡಿಮೆ ಮಾಡಲು ಹೇಳಿ ಬಂದದ್ದು. ಪಾಠಕ್ಕೆಂದು ಇಟ್ಟಿದ್ದ ಚಿಂದಿ ಗೊಂಬೆಯ ಹರಿದ ತೋಳು ಹೊಲಿದದ್ದು. ಸೇಡಂಗೆ ಹೋಗುವ ಬಂಡಿಗೆ ಹುಡುಗಿಯೊಬ್ಬಳ ಟ್ರಂಕು ಏರಿಸಿದ್ದು. ಜೋಳ ಹಸನು ಮಾಡಿದ್ದು. ಅದೇ ಟ್ರಂಕನ್ನು ಬಂಡಿಯಿಂದ ಇಳಿಸಿದ್ದು.

ಆ ದಿನ ನಾನು ಮಾಡಿದ ಕೆಲಸ ಇಷ್ಟೇ. ಇವುಗಳಲ್ಲಿ ಹೆಚ್ಚಿನವನ್ನು ಹಿಂದಿನ ದಿನವೂ ಮಾಡಿದ್ದೆ, ಮರುದಿನವೂ ಮಾಡಿದೆ. ಟ್ರಂಕು ಏರಿಸಿ ಇಳಿಸಿದ್ದು ಮಾತ್ರ ಆ ದಿನದ ಕೆಲಸ. ಅದನ್ನು ನೆನೆದಾಗಲೆಲ್ಲ ಕೊಡ್ಲಿಯ ಗೌಡಸಾನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮನ ಆಳಿಕೆ ಹೋಗಿ ಒಂದೆರಡು ವರ್ಷ ಕಳೆದಿತ್ತು. ನಾನು ಸೇಡಂ ದವಾಖಾನೆಯಲ್ಲಿ ನರ್ಸು. ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸುವ ಹುಡುಗಿಯರನ್ನು ತಯಾರು ಮಾಡಬೇಕೆಂದು ಮೇಲಿನಿಂದ ಹೇಳಿ ಕಳಿಸಿದಾಗ, ಆ ಕೆಲಸ ನನ್ನ ಪಾಲಿಗೆ ಬಂತು. ಯಾವ ಮನೆಯವರೂ ಹುಡುಗಿಯರನ್ನು ಸುಲಭವಾಗಿ ಕಳಿಸಲಿಲ್ಲ. ಕೇಳಿ ಕೇಳಿ ಮೂವರು ಸಿಕ್ಕರು. ಒಬ್ಬಳು ಚಿತ್ತಾಪುರದವಳು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮಾತು ಕಡಿಮೆ. ಇನ್ನೊಬ್ಬಳು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಚಿತ್ತಾಪುರದವಳು ಬಿಟ್ಟ ಮಾತನ್ನೆಲ್ಲ ಇವಳೇ ಆಡುತ್ತಿದ್ದಳು. ಮೂರನೆಯವಳು ಶಹಾಬಾದಿನ ಹತ್ತಿರ ಕಾಗಿಣಾ ದಂಡೆಯ ಹುಡುಗಿ. ಅವಳ ಹಿರಿಯರು ಹೊಳೆಯಲ್ಲಿ ದೋಣಿ ನಡೆಸಿದವರು. ಅವಳು ದೊಡ್ಡವಳಾಗುವಷ್ಟರಲ್ಲಿ ಮನೆಯವರೆಲ್ಲ ಕಲ್ಲಿನ ಗಣಿಯಲ್ಲಿ ಕೂಲಿಗೆ ಹೋಗುತ್ತಿದ್ದರು. ನಾವು ಅವಳನ್ನು ಹೊಳೆಯ ಹುಡುಗಿ ಎಂದೇ ಕರೆಯುತ್ತಿದ್ದೆವು.

ಹಳ್ಳಿಯಲ್ಲಿ ಇದ್ದೇ ಕಲಿಯಬೇಕೆಂದು ಮಳೆಗಾಲದಲ್ಲಿ ನಾಲ್ವರೂ ಕೊಡ್ಲಿಗೆ ಬಂದು, ಚಾವಡಿಯ ಪಕ್ಕದ ಎರಡು ಕೋಣೆಗಳಲ್ಲಿ ಬಿಡಾರ ಹೂಡಿದೆವು. ಬೆಳಗ್ಗೆ ಮನೆಮನೆ ತಿರುಗುವುದು, ಮಧ್ಯಾಹ್ನ ಕಟ್ಟೆಯ ಮೇಲೆ ಪಾಠ. ಹೊಕ್ಕಳ ಬಳ್ಳಿ ಕಟ್ಟುವುದನ್ನು ಕಲಿಸಲು ನನ್ನ ಹತ್ತಿರ ಏನಿತ್ತು? ಹಿತ್ತಲಿನ ಹೀರೇಕಾಯಿಯ ಬಳ್ಳಿ. ನೀರಲ್ಲಿ ನೆನೆಸಿದರೆ ಜಾರುತ್ತದೆ, ಸಡಿಲ ಕಟ್ಟಿದರೆ ದಾರ ಕಳಚುತ್ತದೆ, ಜೋರಾಗಿ ಬಿಗಿದರೆ ಬಳ್ಳಿಯೇ ಕತ್ತರಿಸಿ ಹೋಗುತ್ತದೆ. ಹೊಳೆಯ ಹುಡುಗಿ ಮೊದಲ ದಿನವೇ ಸರಿಯಾಗಿ ಕಟ್ಟಿದಳು.

"ಯವ್ವಾ, ನೀ ಹಾಕಿದ ಗಂಟಿಗೆ ರೈಲಿನ ಡಬ್ಬಿ ಕಟ್ಟಿ ಎಳದರೂ ಬಿಚ್ಚಂಗಿಲ್ಲ ಬಿಡು," ಎಂದಳು ವಾಡಿಯವಳು.

"ನಮ್ಮಪ್ಪ ದೋಣಿ ಕಟ್ಟತಿದ್ದ. ನಾ ಬರೇ ನೋಡಕೋತ ಕುಂದ್ರತಿದ್ದೆ."

"ಹಂಗಾದ್ರ ನಮ್ಮಪ್ಪ ಹಗಲೂ ರಾತ್ರಿ ಸಿಗ್ನಲ್ ಎತ್ತತಾನ. ನನಗ ಒಂದು ಕೊಡಾನೂ ಎತ್ತಲಿಕ್ಕ ಬರಂಗಿಲ್ಲಲ್ಲ, ಅದ್ಯಾಕ?"

ನಮ್ಮಲ್ಲಿ ಎರಡೇ ಕಟ್ಟುನಿಟ್ಟು. ಒಂದು, ಕುದಿಸದ ಯಾವ ವಸ್ತುವೂ ಕೂಸಿನ ಮೈ ಮುಟ್ಟಬಾರದು. ಕುದಿಸಬೇಕಾದ ದಾರವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಬಿಳಿ ಬಟ್ಟೆ ಮುಚ್ಚಿ ಒಲೆಯ ಹತ್ತಿರ ಇಡುವವಳು ನಾನು. ಹೆರಿಗೆಯ ಮನೆಯಲ್ಲಿ ಅದನ್ನು ತೆಗೆದು ಕುದಿಸುವವರು ಹುಡುಗಿಯರು. ಎರಡು, ಬೆಳಗಿನ ತಿರುಗಾಟ ಊರ ಹೊರಗಿನ ಕೇರಿಯಿಂದಲೇ ಶುರುವಾಗಬೇಕು. ದೊಡ್ಡ ಮನೆಯವರು ಬೇಕಾದಾಗ ಬಂಡಿ ಹೂಡಿ ಸೇಡಂಗೋ ಚಿಂಚೋಳಿಗೋ ಹೋಗಬಲ್ಲರು. ಕೇರಿಯವರಿಗೆ ನಮ್ಮ ಕಾಲುಗಳೇ ಬಂಡಿ.

ಇದು ಗೌಡಸಾನಿಗೆ ಸರಿಬಂದಿರಲಿಲ್ಲ. ಗೌಡರ ತಾಯಿ ಆಕೆ, ಮನೆಯೂ ಊರೂ ಆಕೆಯ ಮಾತಿನಂತೆ ನಡೆಯುತ್ತಿತ್ತು. ಆದರೂ ಒಂದು ಬೆಳಗ್ಗೆ ಆಕೆಯೇ ಹೇಳಿ ಕಳಿಸಿದರು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ಎರಡು ಹೆರಿಗೆಯೂ ಇದೇ ಮನೆಯ ಇದೇ ಕೋಣೆಯಲ್ಲಿ ಆಗಿದ್ದವು. ಎರಡು ಕೂಸೂ ಚಂದಾಗಿ ಹುಟ್ಟಿ, ವಾರದೊಳಗೆ ಬಾಯಿ ಬಿಗಿದು, ಹಾಲು ಬಿಟ್ಟು ಹೋಗಿದ್ದವು. ಕುಡುಗೋಲಿನಿಂದ ಬಳ್ಳಿ ಕೊಯ್ದು ಬೂದಿ ಮೆತ್ತುತ್ತಿದ್ದ ಕಾಲ ಅದು, ಆ ಗಾಯದಿಂದಲೇ ಧನುರ್ವಾಯು ಹತ್ತುತ್ತಿತ್ತು.

ಮೂವರನ್ನೂ ಕರೆದುಕೊಂಡು ಹೋದ ನನ್ನನ್ನು ನೋಡಿ ಗೌಡಸಾನಿ ಬಾಗಿಲಲ್ಲೇ ತಡೆದರು. "ನರ್ಸಬಾಯಿ, ಈ ಪಲ್ಟಣ ಯಾಕ? ನೀ ಒಬ್ಬಾಕಿ ಬಾ."

"ಕಲೀಲಿಕತ್ತಾರ್ರಿ ಅವ್ವಾರ. ಕಣ್ಣಿಲೆ ನೋಡದ ಹ್ಯಾಂಗ ಬರತದ?"

"ಕಲಿಯಾಕ ನನ್ನ ಮಗಳs ಸಿಕ್ಕಳೇನು ನಿನಗ?"

"ನಾ ಬಾಜೂಕs ಇರತೀನ್ರಿ. ಒಬ್ಬಾಕಿನ್ನರೆ ಬಿಡ್ರಿ."

ಒಳಗೆ ಮಗಳು ನರಳಿದಳು. ಗೌಡಸಾನಿ ದಾರಿ ಬಿಟ್ಟರು. ನಾನು ಹೊಳೆಯ ಹುಡುಗಿಯನ್ನು ಒಳಗೆ ಕರೆದೆ, ಉಳಿದಿಬ್ಬರನ್ನು ಕೇರಿಗೆ ಕಳಿಸಿದೆ.

ಲಿಂಗವಂತರ ಆ ಮನೆಗಳಲ್ಲಿ ಕೂಸು ಹುಟ್ಟಿದ ಮೇಲೆ ಜಂಗಮ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟುತ್ತಾರೆ. ಅದಕ್ಕೆಂದು ಹೊಸ ಬಿಳಿ ನೂಲಿನಲ್ಲಿ ಹೊಸೆದ ದಾರವನ್ನು ಅಯ್ಯನವರು ಮುಂಜಾನೆಯೇ ತಂದುಕೊಟ್ಟು ಹೋಗಿದ್ದರಂತೆ. ಗೌಡಸಾನಿ ಅದನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ, ಒಲೆಯ ಪಕ್ಕದ ಮಾಡಿನಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಇರಿಸಿದ್ದರು. ನಮ್ಮ ತಟ್ಟೆಯೂ ಹಿತ್ತಾಳೆಯದು, ನಮ್ಮ ಬಟ್ಟೆಯೂ ಬಿಳಿಯದು. ಆದರೆ ನಮ್ಮದು ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇತ್ತು, ಏಕೆಂದರೆ ಹೋದ ಕೂಡಲೇ ನಾನು ಹೆರುವವಳ ಬೆನ್ನು ಹಿಡಿದು ಕೂತುಬಿಟ್ಟಿದ್ದೆ. ಹೊಳೆಯ ಹುಡುಗಿಯ ಮನೆಯಲ್ಲಿ ಯಾರೂ ಲಿಂಗ ಕಟ್ಟಿದವರಿರಲಿಲ್ಲ, ಆ ದಾರವನ್ನು ಅವಳು ಕಂಡಿರಲಿಲ್ಲ. ಒಲೆಯ ಹತ್ತಿರ ತಟ್ಟೆ ಕಂಡಳು, ಬಟ್ಟೆ ಸರಿಸಿದಳು, ಕಲಿಸಿದಂತೆ ದಾರ ತೆಗೆದು ಕುದಿಯುವ ನೀರಿಗೆ ಹಾಕಿದಳು.

ಕೂಸು ಹುಟ್ಟಿತು. ಹೆಣ್ಣು. ಅತ್ತ ಸದ್ದಿಗೆ ಹೊರಗಿನ ದನಗಳೂ ತಲೆ ಎತ್ತಿರಬೇಕು. "ಕಟ್ಟು," ಎಂದೆ. ಹುಡುಗಿ ಎರಡು ಕಡೆ ಗಂಟು ಹಾಕಿದಳು, ನಡುವೆ ಕತ್ತರಿಸಿದಳು. ಅವಳ ಮೊದಲ ಗಂಟು ಅದು, ಹೀರೇಬಳ್ಳಿಯದಲ್ಲದ್ದು.

ಅಯ್ಯನವರು ಬಂದು ಪಡಸಾಲೆಯಲ್ಲಿ ಕೂತರು. ಗೌಡಸಾನಿ ಮಾಡಿಗೆ ಕೈ ಹಾಕಿದರು. ತಟ್ಟೆ ಬರಿದಾಗಿತ್ತು.

"ಇಲ್ಲಿ ಇಟ್ಟಿದ್ದ ದಾರ ಎಲ್ಲದ?"

ಹುಡುಗಿ ಪಾತ್ರೆಯಿಂದ ಉಳಿದ ತುಂಡನ್ನು ಇಕ್ಕಳದಲ್ಲಿ ಹಿಡಿದೆತ್ತಿದಳು. ಇನ್ನೂ ಹಬೆಯಾಡುತ್ತಿತ್ತು. "ಇದಾ ಏನ್ರಿ ಅವ್ವಾರ? ಕೂಸಿನ ಹೊಕ್ಕಳಕ್ಕ ಕಟ್ಟೀನ್ರಿ. ಛಲೋ ಕುದ್ದದ ನೋಡ್ರಿ."

ಗೌಡಸಾನಿ ಬರಿದಾದ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು. ಕೂಗಿದ್ದು ಊರಿಗೆಲ್ಲ ಕೇಳಿತು. "ಲಿಂಗದ ದಾರ ಶೆಂಗಾ ಕುದಿಸಿದಂಗ ಕುದಿಸ್ಯಾಳ! ಹೊಕ್ಕಳಕ್ಕ ಕಟ್ಟ್ಯಾಳ! ನರ್ಸಬಾಯಿ, ಏನ ಕಲಿಸೀದಿ ಈಕಿಗಿ?"

"ದಾರ ಕಂಡರ ಕುದಸು ಅಂತ ನಾನs ಕಲಿಸೀನ್ರಿ," ಎಂದೆ.

ಕಟ್ಟಿದ ಗಂಟು ಬಿಚ್ಚುವ ಹಾಗಿರಲಿಲ್ಲ, ಬಿಚ್ಚಿದರೆ ಕೂಸಿನ ನೆತ್ತರು ಹೋಗುತ್ತಿತ್ತು. ಅಯ್ಯನವರು ಬೇರೆ ದಾರ ತರುತ್ತೇನೆಂದು ಎದ್ದರು. ಗೌಡಸಾನಿ ಅವರನ್ನೂ ತಡೆದರು. "ಬ್ಯಾಡ್ರಿ ಅಯ್ಯನೋರ. ಒಂದು ದಾರ ಮೈಮ್ಯಾಲ ಇರೂತನ ಇನ್ನೊಂದು ಕಟ್ಟಸಂಗಿಲ್ಲ. ಅದು ಉದುರಲಿ." ಅಯ್ಯನವರು ಹಾಗೇ ಆಗಲಿ ಎಂದರು. ಆಮೇಲೆ ಗೌಡಸಾನಿ ನನ್ನ ಕಡೆ ತಿರುಗಿದರು. "ನೀ ದಿನಾ ಬಾ. ಆಕಿ ಈ ಊರಾಗ ಯಾವ ಹೊಸ್ತಲಾನೂ ತುಳೀಬಾರದು."

ಗೌಡರ ಮನೆಯಿಂದ ಸೇಡಂಗೆ ಮಾತು ಹೋಯಿತು. ಅಲ್ಲಿಂದ ನಮ್ಮ ದವಾಖಾನೆಯ ಡಾಕ್ಟರ್ ಸಾಹೇಬರ ಮಾತು ಬಂತು: ಒಬ್ಬಳಿಗಾಗಿ ಊರೇ ಬಾಗಿಲು ಮುಚ್ಚಿದರೆ ಉಳಿದವರ ಕಲಿಕೆಯೂ ನಿಲ್ಲುತ್ತದೆ, ಆ ಹುಡುಗಿಯನ್ನು ಮುಂದಿನ ಬಂಡಿಗೆ ಕಳಿಸಿಬಿಡು. ಅವರದು ತಪ್ಪೆನ್ನಲಾರೆ. ಆದರೆ ಮನೆಗೆ ಹೋದರೆ ಹುಡುಗಿಗೆ ಗಣಿಯ ಕಲ್ಲೇ ಗತಿ. ಇನ್ನೊಮ್ಮೆ ಯಾರೂ ಅವಳನ್ನು ಕಲಿಯಲು ಕರೆಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಬಂಡಿ ಬರುವವರೆಗೆ ನಾನು ದಿನವೂ ಗೌಡರ ಮನೆಗೆ ಹೋಗಿ ಕೂಸನ್ನು ನೋಡಿ ಬರುತ್ತಿದ್ದೆ. ಹುಡುಗಿ ಬಿಡಾರದ ಹೊಸ್ತಿಲಲ್ಲಿ ಕಾಯುತ್ತಿದ್ದಳು.

"ಹಾಲು ಕುಡೀತೇನ್ರಿ ಅಕ್ಕೋರ?"

"ಕುಡೀತು."

"ಗಂಟು ಹಸಿ ಅದನೋ, ಒಣಗ್ಯದನೋ?"

"ಒಣಗಲಿಕತ್ತದ."

"ವಾಸನಿ?"

"ಇಲ್ಲವ್ವ."

ಕಲಿಸುವವಳು ನಾನು, ಕಲಿಯುವವಳು ಅವಳು. ಆದರೆ ಆ ದಿನಗಳಲ್ಲಿ ಅವಳ ಪ್ರಶ್ನೆಗಳಿಗೆ ಹೆದರಿ ನಾನು ಕೂಸನ್ನು ಇನ್ನೂ ಸರಿಯಾಗಿ ನೋಡತೊಡಗಿದೆ. ಹಿಂದಿನ ಎರಡು ಕೂಸುಗಳು ಹಾಲು ಬಿಟ್ಟ ದಿನ ಬಂತು. ಅಂದು ಗೌಡಸಾನಿ ಏನೂ ತಿನ್ನಲಿಲ್ಲ, ತೊಟ್ಟಿಲು ಬಿಟ್ಟು ಕದಲಲಿಲ್ಲ. ಕೂಸು ಹಾಲು ಕುಡಿಯಿತು, ಕಿರುಚಿತು, ಮತ್ತೆ ಕುಡಿಯಿತು.

ಅದಾಗಿ ಕೆಲವು ದಿನಕ್ಕೆ ಬಂಡಿ ಬಂತು. ಬೆಳಗಿನ ಕೆಲಸ ಮುಗಿಸಿ ಟ್ರಂಕು ಏರಿಸಿದೆವು. ಚಿತ್ತಾಪುರದವಳು ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ವಾಡಿಯವಳಿಗೆ ಅಂದು ತಮಾಷೆ ಹೊಳೆಯಲಿಲ್ಲ. ಬಂಡಿಯವನು ಎತ್ತುಗಳಿಗೆ ನೀರು ಕುಡಿಸಿ ಬರುವವರೆಗೆ ನಾನು ಜೋಳ ಹಸನು ಮಾಡುತ್ತ ಕೂತೆ. ಸುಮ್ಮನೆ ಕೂತರೆ ಅಳು ಬರುತ್ತಿತ್ತು.

ಆಗ ಓಣಿಯಲ್ಲಿ ಗೌಡಸಾನಿ ಬರುವುದು ಕಾಣಿಸಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಹಿತ್ತಾಳೆ ತಟ್ಟೆ, ಮೇಲೆ ಬಿಳಿ ಬಟ್ಟೆ. ಅದುವರೆಗೆ ಆಕೆ ನಡೆದು ಚಾವಡಿಯ ಕಡೆ ಬಂದದ್ದನ್ನು ಊರವರು ಯಾರೂ ನೋಡಿರಲಿಲ್ಲ. ನೇರ ಬಂಡಿಯ ಹತ್ತಿರ ಹೋಗಿ ನಿಂತರು.

"ಏ ಹುಡುಗಿ. ಕೂಸಿನ ಹೊಕ್ಕಳ ಇವತ್ತ ಮುಂಜಾನಿ ಉದುರೇದ."

ಹುಡುಗಿ ಬಂಡಿಯಿಂದ ಧುಮುಕಿದಳು. "ಒಣಗಿ ಉದುರೇದೇನ್ರಿ? ಕೀವು?"

"ಏನೂ ಇಲ್ಲ. ಹುಣಸಿ ಬೀಜದಂಗ ಒಣಗೇದ." ಗೌಡಸಾನಿ ತಟ್ಟೆಯ ಬಟ್ಟೆ ಸರಿಸಿದರು. ಹೊಸ ಬಿಳಿ ದಾರದ ಸುರುಳಿ. "ಇದು ಲಿಂಗದ ದಾರ. ಈಗ ಖರೇ ತಿಳೀತು ಹೌದಿಲ್ಲೋ? ಅಯ್ಯನೋರು ಮನ್ಯಾಗ ಕುಂತಾರ. ಇದನ್ನೂ ಕುದಿಸಿಕೊಡು. ಆ ದಾರ ಕುದಿಸಿದ ಪಾತ್ರ್ಯಾಗs ಕುದಸು, ಅಷ್ಟs ಹೊತ್ತು ಕುದಸು."

ಹುಡುಗಿ ನನ್ನ ಮುಖ ನೋಡಿದಳು.

"ಆಕಿನ್ನ ಏನ ನೋಡತಿ? ಗಂಟು ಹಾಕಿದಾಕಿ ನೀನು. ಅಯ್ಯನೋರು ಕುದಿಸಿದ್ದಕ್ಕ ಅಡ್ಡಿ ಇಲ್ಲ ಅಂದಾರ. ಕೂಸಿನ ಮೈಗಿ ಹತ್ತೂದು ಇದೂ ದಾರನs ಅಲ್ಲೇನು?"

"ಅವ್ವಾರ, ಆಕೀದು ಬಂಡಿ ಹೊಂಡಲಿಕತ್ತದ್ರಿ," ಎಂದಳು ವಾಡಿಯವಳು ಹಿಂದಿನಿಂದ.

"ಬಂಡಿ ಹೋಗಲಿ. ಸೇಡಂನವರಿಗಿ ನಾ ಹೇಳಿ ಕಳಸತೀನಿ. ನಮ್ಮ ಸೊಸಿಗೂ ದೀಪಾವಳಿಗಿ ದಿನ ತುಂಬತಾವ." ಮತ್ತೆ ನನ್ನತ್ತ ಬೆರಳು ಮಾಡಿದರು. "ಆದ್ರ ನರ್ಸಬಾಯಿ, ಮದಲ ಕೇರಿಗಿ ಹೋಗಿ ಆಮ್ಯಾಲ ನಮ್ಮಲ್ಲಿ ಬರತೀಯಲ್ಲ, ಅದು ನನಗ ಇನ್ನೂ ಮನಸ್ಸಿಗಿ ಬಂದಿಲ್ಲ."

"ಕೈ ತೊಳಕೊಂಡs ಬರತೀವ್ರಿ."

"ಅದು ನೋಡೀನಿ. ಅದಕ್ಕs ಬರ್ರಿ ಅನ್ನಾಕತ್ತೀನಿ."

ಕೇರಿಯ ಸರತಿ ನಾವು ಬದಲಿಸಲಿಲ್ಲ. ಆಕೆಯೂ ಗೊಣಗುವುದನ್ನು ಬಿಡಲಿಲ್ಲ. ಹೊಳೆಯ ಹುಡುಗಿ ಕಲಿಕೆ ಮುಗಿಸಿ, ಚಂದ್ರಂಪಳ್ಳಿಯ ಕಡೆ ಅಡವಿಯಂಚಿನ ಲಂಬಾಣಿ ತಾಂಡಾಗಳಿಗೆ ತಾನೇ ಕೇಳಿಕೊಂಡು ಹೋದಳು. ಅಲ್ಲಿಗೆ ಬಂಡಿಯೂ ಹೋಗುತ್ತಿರಲಿಲ್ಲ. ಅವಳ ಕೈಯಲ್ಲಿ ಹುಟ್ಟಿದ ಕೂಸುಗಳ ಸುದ್ದಿ ಸಂತೆಗೆ ಬಂದವರ ಬಾಯಲ್ಲಿ ನನಗೆ ತಲುಪುತ್ತಿತ್ತು. ಕೊಡ್ಲಿಯಲ್ಲಿ ಲಿಂಗದ ದಾರವನ್ನು ಕುದಿಸಿಯೇ ಕೊಡುವ ರೂಢಿ ಕೆಲವು ಮನೆಗಳಲ್ಲಿ ಬಿದ್ದಿತೆಂದೂ ಕೇಳಿದೆ.

ಆ ದಿನಕ್ಕೇ ಬರುತ್ತೇನೆ. ದಾರ ಕುದಿಯಿತು, ಗೌಡಸಾನಿ ತಟ್ಟೆ ಹಿಡಿದು ಮುಂದೆ, ಹುಡುಗಿ ಹಿಂದೆ. ಅವಳು ಆ ಮನೆಯ ಹೊಸ್ತಿಲು ದಾಟಿ ಹೋಗಿ, ಕೂಸಿನ ಹೊಕ್ಕಳು ನೋಡಿ, ಸಂಜೆ ಬೆಳಕಿರುವಾಗಲೇ ಬಂದಳು. ಅಷ್ಟರಲ್ಲಿ ನಾನು ಟ್ರಂಕು ಇಳಿಸಿ ಗೋಡೆಗೆ ಒತ್ತಿ ಇಟ್ಟಿದ್ದೆ.

ರಾತ್ರಿ ಊಟಕ್ಕೆ ದಾರಿಗೆಂದು ಕಟ್ಟಿದ್ದ ಜೋಳದ ರೊಟ್ಟಿಯನ್ನೇ ಬಿಚ್ಚಿದೆವು. ಪುಂಡಿಪಲ್ಯ, ಶೆಂಗಾ ಹಿಂಡಿ, ಜೊತೆಗೆ ಗೌಡರ ಮನೆಯಿಂದ ಬಂದ ಒಂದು ತಂಬಿಗೆ ಗೋಧಿ ಹುಗ್ಗಿ. ವಾಡಿಯವಳು ಎರಡು ಸಲ ನೀಡಿಸಿಕೊಂಡಳು. ಚಿತ್ತಾಪುರದವಳು ತನ್ನ ಪಾಲಿನ ಅರ್ಧ ಹುಗ್ಗಿಯನ್ನು ಸದ್ದಿಲ್ಲದೆ ಹೊಳೆಯ ಹುಡುಗಿಯ ತಾಟಿಗೆ ಸುರಿದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಹೊಳೆಯ ಹುಡುಗಿ ಟ್ರಂಕಿಗೆ ತಲೆ ಆನಿಸಿ, ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದಳು.