ಬಂಗಡೆಯ ತಲೆ ಹೋಗಿ ಶಿರವಾದದ್ದು

ಸ್ನೇಹಿತರೇ, ಬಾಡ ಊರಿನಿಂದ ನಮ್ಮ ಮನೆಗೆ ಮೀನು ತರುವ ಮಾದೇವಿ ಅಕ್ಕ ಇಂದಿನಿಂದ ಹಿಂಸಾವಾದಿ. ಬೆಳಿಗ್ಗೆ ಜಾಲತಾಣದ ತನ್ನ ಮೀನಿನ ಪುಟದಲ್ಲಿ, "ತಲೆ ಕಡ್ದು, ಹೊಟ್ಟೆ ಸೀಳಿ, ಮನೆ ಬಾಗ್ಲಿಗೇ ತಂದ್ಕೊಡ್ತೆ" ಎಂದು ಬರೆದಿದ್ದಳು. ಬಂಗಡೆ ಮೀನಿನದು ಎಂದು ಬರೆದಿರಲಿಲ್ಲ. ನಮ್ಮ ಕುಮಟೆಯಲ್ಲಿ ಅದನ್ನು ಬೇರೆ ಹೇಳಬೇಕೇ? ಜಾಲತಾಣದ ಕಂಪನಿಯ ಪೋಸ್ಟ್ ತಪಾಸಿಸುವ ಯಂತ್ರ ಅದನ್ನು ಅಳಿಸಿ, ಇನ್ನೊಮ್ಮೆ ಹೀಗೆ ಬೆದರಿಸಿದರೆ ಪುಟವೇ ಬಂದ್ ಎಂದಿತು.

ಅಕ್ಕ ತುಂಬಿದ ಬುಟ್ಟಿಯೊಂದಿಗೆ ಅಂಗಳಕ್ಕೆ ಬಂದಳು. "ನನ್ ಗಿರಾಕಿಗಳೆಲ್ಲ ಅದ್ರಲ್ಲೇ ಇರೂದು ತಂಗಿ. ಪುಟ ಹೋದ್ರೆ ನಾ ಎಂತ ಮಾಡೂದು? ಟೀವಿಯವ ದಿನಾ ಅವ್ನ ಕಡಿ, ಇವ್ನ ಓಡ್ಸು ಅಂತ ಕೂಗ್ತಾನೆ, ಅವಂಗೆ ಎಂತದೂ ಇಲ್ವ?"

ನಾನು ಅವಳ ಫೋನ್ ತೆಗೆದುಕೊಂಡು ಹೊಸದಾಗಿ ಬರೆದೆ: "ಶಿರವನ್ನು ಬೇರ್ಪಡಿಸಿ, ಉದರವನ್ನು ಶುದ್ಧಗೊಳಿಸಿ, ತಮ್ಮ ಗೃಹಕ್ಕೆ ತಲುಪಿಸಲಾಗುವುದು."

ಅಕ್ಕ ಓದಿ ಮುಖ ಕಿವುಚಿದಳು. "ಇದೆಂತದೆ, ಬಂಗಡೆದು ತಿಥಿ ಕಾಗ್ದವ?"

ಯಂತ್ರ ಮಾತ್ರ ಕಮಕ್ ಕಿಮಕ್ ಎನ್ನಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಬುಟ್ಟಿ ಖಾಲಿ.

ಕನ್ನಡ ಎಂ.ಎ. ಮಾಡಿದ್ದು ಸಾರ್ಥಕವಾಯಿತು. ಕಡಿಯಲು ಹೊರಟವರಿಗೆಲ್ಲ ನನ್ನ ಸಲಹೆ ಇಷ್ಟೇ: ತಲೆ ಎನ್ನಬೇಡಿ, ಶಿರ ಎನ್ನಿ. ಕಂಪನಿಯ ತಕರಾರಿಲ್ಲ.