ನಾನು ಗೋಡೆಯಾದದ್ದು

ಊರವರ ಮನೆಗಳನ್ನೆಲ್ಲ ನಕ್ಷೆಗೆ ಇಳಿಸುವ ನಾನು, ನಕ್ಷೆ ಹಿಡಿದು ಒಬ್ಬರ ಮನೆಯನ್ನೂ ಹುಡುಕಲಾರೆ. ಗದಗ ಜಿಲ್ಲೆಯಾದ ಮೇಲೆ ಮನೆ ಕಟ್ಟುವವರು ಹೆಚ್ಚಿ, ಕಂಪ್ಯೂಟರಿನಲ್ಲಿ ಪ್ಲಾನು ಬರೆಯುವ ನನ್ನ ಕಸುಬು ಕುದುರಿತು. ಆದರೆ ಬೆಟಗೇರಿಯ ನೇಕಾರರ ಓಣಿಗೆ, ಅಂದರೆ ಅತ್ತೆಯ ಮನೆಗೆ ಹೊರಟರೆ ಇಂದಿಗೂ ದಿಕ್ಕು ತಪ್ಪುತ್ತೇನೆ. ಫೋನು ಎಡಕ್ಕೆ ತಿರುಗು ಎನ್ನುತ್ತದೆ. ಎಡಕ್ಕೆ ಯಾರದೋ ಎಮ್ಮೆ ಕಟ್ಟಿರುತ್ತದೆ. ಸ್ಕೂಟರಿನ ಹಿಂದೆ ಕೂತ ಹೆಂಡತಿ ಗಿರಿಜಾ, "ಫೋನ್ ಕಿಸೆದಾಗ ಇಡ್ರಿ. ಮಗ್ಗದ ಸಪ್ಪಳ ಬಂದಲ್ಲೆ ಹೊಳ್ರಿ" ಎನ್ನುತ್ತಾಳೆ. ಸಪ್ಪಳ ನಾಲ್ಕೂ ಕಡೆಯಿಂದ ಬರುತ್ತದಲ್ಲ ಎಂದರೆ ನಗುತ್ತಾಳೆ. ಅವಳಿಗೆ ಒಂದೊಂದು ಮಗ್ಗದ ಸಪ್ಪಳವೂ ಬೇರೆ.

ಇಂಥ ನಾನು ಹುಲಕೋಟಿ ರಸ್ತೆಯ ನಮ್ಮ ಜಾಗದಲ್ಲಿ ಸ್ವಂತ ಮನೆ ಬರೆಯಲು ಕೂತೆ. ಗಿರಿಜಾ ಕೇಳಿದ್ದು ಒಂದೇ. ಅವಳು ರೊಟ್ಟಿ ಬಡಿಯುವುದು ನೆಲದ ಮೇಲೆ ಕೂತು. ಅಲ್ಲಿಂದ ಬೀದಿ ಬಾಗಿಲು ಕಾಣಬೇಕು. ಅವಳ ತಾಯಿ ಮಗ್ಗದಲ್ಲಿ ಕೂತಲ್ಲಿಂದಲೇ ಓಣಿಯಲ್ಲಿ ಹಾಯುವವರನ್ನೆಲ್ಲ ಮಾತಾಡಿಸುತ್ತಿದ್ದರು. ನಮ್ಮ ಬಾಡಿಗೆ ಮನೆಯ ಅಡುಗೆಮನೆಗೆ ಪಕ್ಕದ ಮನೆಯ ಗೋಡೆಯೇ ಗತಿ. "ಮದಿವಿ ಆದಾಗಿಂದ ಗ್ವಾಡಿ ಜೋಡಿನ ಮಾತಾಡೇನ್ರಿ. ಸಾಕಾಗೇತಿ" ಎಂದಳು. ಅವಳ ಕಣ್ಣು ತುಂಬಿತ್ತು.

ಹಿಂದೆ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಗೆರೆ ಎಳೆಯುತ್ತಿದ್ದೆವು. ತಪ್ಪಿದರೆ ಬ್ಲೇಡಿನಿಂದ ಹೆರೆಯಬೇಕು. ಮತ್ತೆ ಹೆರೆದರೆ ಹಾಳೆಯೇ ತೂತು. ಆ ಹೆದರಿಕೆಗೆ ತಲೆ ಮೊದಲು ಓಡುತ್ತಿತ್ತು, ಕೈ ಆಮೇಲೆ. ಈಗ ಕೈ ಮೊದಲು ಓಡುತ್ತದೆ, ತಲೆ ಬಂದರೆ ಬಂತು. ಅಳಿಸುವುದು ಪುಕ್ಕಟೆಯಾದ್ದರಿಂದ ನನ್ನ ದೇವರಕೋಣೆ ಈಶಾನ್ಯದಿಂದ ಹೊರಟು ಇಡೀ ಮನೆ ಪ್ರದಕ್ಷಿಣೆ ಹಾಕಿ ಬಂತು. ಊಟಕ್ಕೆ ಕೂತರೂ ಬೆರಳು ಗಂಗಾಳದಲ್ಲಿ ಗೋಡೆ ಸರಿಸುತ್ತಿತ್ತು. ಇದಕ್ಕೆ ಯಂತ್ರವನ್ನು ಬೈಯಬೇಕೋ ನನ್ನನ್ನೋ ತಿಳಿಯದು. ಗಿರಿಜಾ ಇಬ್ಬರನ್ನೂ ಬೈದಳು: "ಹಾಡಿದ್ದ ಹಾಡೋ ಕಿಸಬಾಯಿ ದಾಸ."

ಕಡೆಗೆ ಮನೆ ಕಟ್ಟುವ ಗೌಂಡಿ ಇಮಾಮ್‌ಸಾಬರು ಬಂದು, "ನಾಳೆ ಸುಣ್ಣಾ ಹಾಕ್ತೀನ್ರಿ. ಅಗದ ಮ್ಯಾಲ ಬದಲ ಅನಬ್ಯಾಡ್ರಿ ಮತ್ತ" ಎಂದರು. ಸುಣ್ಣ ಹಾಕುವುದೆಂದರೆ ಪಾಯ ಅಗೆಯುವ ಮುನ್ನ ಮನೆಯನ್ನು ಇದ್ದಷ್ಟೇ ಅಳತೆಯಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬರೆಯುವುದು. ಹಾಗೆ ಬರೆದ ಮನೆ ಯಾವಾಗಲೂ ಸಣ್ಣದಾಗಿ ಕಾಣುತ್ತದೆ. ಗೋಡೆ ಎದ್ದಮೇಲೆ ದೊಡ್ಡದಾಗುತ್ತದೆ ಎಂದು ಊರಿಗೆಲ್ಲ ಸಮಾಧಾನ ಹೇಳಿದ ನಾನೇ ಅವತ್ತು ಗಾಬರಿಯಾದೆ.

ಗಿರಿಜಾ ಗಾಬರಿಯಾಗಲಿಲ್ಲ. ಬಾಗಿಲಿಗೆಂದು ಗೆರೆ ಬಿಟ್ಟ ಜಾಗದಿಂದಲೇ ಒಳಗೆ ಬಂದು, ಅಡುಗೆಮನೆಯಲ್ಲಿ ನೆಲಕ್ಕೆ ಕೂತಳು. "ಬಾಗಲಾ ಚೊಲೊ ಕಾಣಸ್ತೈತಿ" ಎಂದವಳು ತುಸು ತಡೆದು, "ನಡಬರಕ ಗ್ವಾಡಿ ಬರ್ತೈತಲ್ಲ, ಅಲ್ಲೆ ನಿಂದರ್ರಿ" ಎಂದಳು. ಬುತ್ತಿ ಉಣ್ಣಲು ಹಾಸಲೆಂದು ತಂದ ಜಮಖಾನದ ಒಂದು ತುದಿಯನ್ನು ನಾನು, ಇನ್ನೊಂದನ್ನು ಇಮಾಮ್‌ಸಾಬರು ಹಿಡಿದು ಪಡಸಾಲೆಯ ಗೆರೆಯ ಮೇಲೆ ನಿಂತೆವು. ಆಚೆಯಿಂದ ದನಿ ಬಂತು: "ಬಾಗಲಾ ಕಾಣವಲ್ದು. ಇಲ್ಲೂ ಗ್ವಾಡಿನ ಬಂತಲ್ರಿ."

ನನಗೆ ನಾಚಿಕೆಯಾಯಿತು. ಕಂಪ್ಯೂಟರಿನ ಪರದೆಯ ಮೇಲೆ ಬಾಗಿಲು ಕಂಡಿತ್ತಲ್ಲ? ಕಂಡಿತ್ತು, ನನಗೆ. ಅಲ್ಲಿ ಮನೆಯನ್ನು ಹದ್ದಿನ ಹಾಗೆ ಮೇಲಿನಿಂದ ನೋಡುತ್ತೇವೆ. ಹದ್ದಿಗೆ ಎಲ್ಲರ ಬಾಗಿಲೂ ಕಾಣುತ್ತದೆ. ಆದರೆ ಹದ್ದು ರೊಟ್ಟಿ ಬಡಿಯುವುದಿಲ್ಲ.

ಜಮಖಾನ ಹಿಡಿದು ಅಡ್ಡಡ್ಡ ಸರಿಯುತ್ತ ಹೋದೆವು. "ಹಾಂ, ಆತು" ಎಂದಳು. ಹಳೆಯ ಗೆರೆಯನ್ನು ಕಾಲಿನಿಂದ ಉಜ್ಜಿದೆ. ಇಮಾಮ್‌ಸಾಬರು ಹೊಸದನ್ನು ಹಾಕಿದರು. ಅಷ್ಟರಲ್ಲಿ ನನ್ನ ಹಾಳು ತಲೆಯಲ್ಲಿ ಮೆಟ್ಟಿಲು ಸರಿಯತೊಡಗಿತ್ತು. ಹೇಳಿಬಿಡೋಣವೆಂದು ಗೆರೆ ದಾಟಿ ಅಡುಗೆಮನೆಗೆ ನುಗ್ಗಿದೆ.

"ರೀ, ಅಲ್ಲೆ ಗ್ವಾಡಿ ಐತಿ" ಎಂದಳು.

ಹಿಂದೆ ಸರಿದು, ಸುತ್ತು ಹಾಕಿ, ಬೀದಿ ಬಾಗಿಲಿಗೆ ಬಂದು ನಿಂತೆ. ಅವಳು ಕೂತಲ್ಲಿಂದಲೇ ನನ್ನನ್ನು ನೋಡಿದಳು.

"ಬರ್ರಿ ಒಳಗ" ಎಂದಳು. ಮೆಟ್ಟಿಲಿನ ಮಾತು ಅಲ್ಲಿಗೇ ಮರೆತುಹೋಯಿತು.